ಸ್ಟ್ಯಾಟಿಸ್ಟಿಕ್ಸ್ ಪಾಠದಲ್ಲಿ ಸೂತ್ರಕ್ಕಿಂತ ಮೊದಲು ಡೇಟಾ ಕೈಗೆ ಕೊಡಬೇಕು ಅಂತಾರಲ್ಲ, ಯಾಕೆ?

ಅಂಕಿಗಳು ಕಣ್ಣೆದುರೇ ಏರುಪೇರಾಗುವುದನ್ನು ನೋಡದೆ, ಸೂತ್ರ ಯಾವ ಪ್ರಶ್ನೆಗೆ ಉತ್ತರ ಅನ್ನುವುದೇ ಮಕ್ಕಳಿಗೆ ಗೊತ್ತಾಗುವುದಿಲ್ಲ. ಅದಕ್ಕೆ.

ಮಂಡ್ಯದ ಒಂದು ಕಾಲೇಜು ಅಂದುಕೊಳ್ಳಿ. ಆಲೆಮನೆಯಿಂದ ದೊಡ್ಡ ಬುಟ್ಟಿ ತುಂಬ ಅಚ್ಚು ಬೆಲ್ಲ ತನ್ನಿ, ಇನ್ನೂರು ಅಚ್ಚಾದರೂ ಇರಲಿ. ಜೊತೆಗೆ ಒಂದು ತಕ್ಕಡಿ. ಒಬ್ಬೊಬ್ಬರೂ ಕಣ್ಣುಮುಚ್ಚಿ 4 ಅಚ್ಚು ತೆಗೆದು ತೂಗಲಿ, ಸರಾಸರಿ ತೂಕಕ್ಕೆ ಬೋರ್ಡಿನ ಮೇಲೆ ಒಂದು ಚುಕ್ಕಿ ಇಡಲಿ. ಬೆಲ್ಲ ವಾಪಸ್ ಬುಟ್ಟಿಗೆ (ಬಾಯಿಗೆ ಹೋಗದಂತೆ ನೋಡಿಕೊಳ್ಳಿ!). ಬುಟ್ಟಿ ಒಂದೇ, ಉತ್ತರ ಮಾತ್ರ ಒಬ್ಬೊಬ್ಬರದು ಒಂದೊಂದು. ‘ಸಾರ್, ಯಾರದು ಸರಿ?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಸಂಭವನೀಯತೆ ಬೇಕಾಗುವುದು ಅಲ್ಲೇ.

ಈಗ 16 ಅಚ್ಚು ತೆಗೆಯಲಿ. ಚುಕ್ಕಿಗಳು ಒತ್ತೊತ್ತಾಗಿ ಬೀಳುತ್ತವೆ. ಜಾಸ್ತಿ ಅಚ್ಚು ಇದ್ದಾಗ ಒಂದರ ಹೆಚ್ಚು ತೂಕವನ್ನು ಇನ್ನೊಂದರ ಕಡಿಮೆ ತೂಕ ಸರಿದೂಗಿಸುತ್ತದೆ, ಅಲ್ವಾ? ಆದರೆ ಪೂರ್ತಿ ಅಲ್ಲ. ನಾಲ್ಕು ಪಟ್ಟು ತೂಗಿದರೂ ಚುಕ್ಕಿಗಳ ಹರಡಿಕೆ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಕಾಲು ಭಾಗಕ್ಕಲ್ಲ. ಈ ಹರಡಿಕೆಯ ಸೂತ್ರದಲ್ಲಿ ಅಚ್ಚುಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸುವುದು ಇದಕ್ಕೇ (4ರ ವರ್ಗಮೂಲ 2, ಹಾಗಾಗಿ ನಾಲ್ಕು ಪಟ್ಟಿಗೆ ಅರ್ಧ). ಇದನ್ನು ನೋಡಿದ ಮೇಲೆ ಸೂತ್ರ ಬರೆದರೆ ಯಾರೂ ಬೆದರುವುದಿಲ್ಲ. ಸುಮ್ನೆ ಎಕ್ಸೆಲ್ ಶೀಟ್ ಹಂಚಿದರೆ ನನ್ನ ಪ್ರಕಾರ ಅರ್ಧ ಪಾಠ ಹೋದಂತೆ.

ಕಣ್ಣುಮುಚ್ಚಿ ತೆಗೆಯುವುದನ್ನು ಮಾತ್ರ ಬಿಡಬೇಡಿ. ಮೇಲಿನ ದಪ್ಪದಪ್ಪ ಅಚ್ಚುಗಳನ್ನೇ ಆರಿಸಿದರೆ 16 ಅಲ್ಲ, 60 ತೂಗಿದರೂ ಸರಾಸರಿ ಜಾಸ್ತಿ ಕಡೆಗೇ ವಾಲುತ್ತದೆ.