ಕೊರಳಿಗೆ ತೊಡುವ ಡ್ರೈಯರ್ ಬೇಡ, ಗಾಳಿ ಟೋಪಿ ನೋಡಿ

‘ಅಮ್ಮನ ಭುಜ ಹಿಡಿದುಕೊಂಡಿದೆ, ಕೈ ಎತ್ತಲಾಗದು. ಚಿಕ್ಕಬಳ್ಳಾಪುರದ ಚಳಿಗೆ ಕೂದಲು ಒಣಗುವುದಿಲ್ಲ. ಕೊರಳಿಗೆ ತೊಡುವ ಬ್ಯಾಟರಿ ಹೇರ್ ಡ್ರೈಯರ್ ಕೊಡಿಸಲೇ?’ ಎಂದು ಕೇಳಿದ್ದೀರಿ. ದಯವಿಟ್ಟು ಆತುರಪಡಬೇಡಿ. ಸಾಮಾನ್ಯ ಡ್ರೈಯರ್‌ಗೆ 1000 ವ್ಯಾಟ್ ಅಥವಾ ಅದಕ್ಕೂ ಹೆಚ್ಚು ಬೇಕು. 20,000 ಎಂಎಎಚ್ ಪವರ್ ಬ್ಯಾಂಕಿನಲ್ಲಿರುವುದು ಸುಮಾರು 74 ವ್ಯಾಟ್-ಅವರ್, ಅಂದರೆ ನಾಲ್ಕೈದು ನಿಮಿಷದ ಶಾಖ. ಕೊರಳು ಹೊರಬಲ್ಲ ಬ್ಯಾಟರಿ ಅದಕ್ಕಿಂತಲೂ ಚಿಕ್ಕದು. ಸೊಂಟದುದ್ದದ ಕೂದಲಿಗೆ ಅದು ಯಾವ ಮೂಲೆಗೆ?

ಕೋಲಾರದಲ್ಲಿರುವ ನನ್ನ ತಾಯಿಗೂ ಇದೇ ನೋವು. ಅವರಿಗೆ ಒದಗಿಬಂದದ್ದು ಬಟ್ಟೆಯ ಗಾಳಿ ಟೋಪಿ. ಅದರ ಕೊಳವೆಯನ್ನು ಮನೆಯ ಡ್ರೈಯರ್ ಮೂತಿಗೆ ಸಿಕ್ಕಿಸಿ ದಾರ ಬಿಗಿದರೆ ಟೋಪಿ ಬಲೂನಿನಂತೆ ಉಬ್ಬುತ್ತದೆ, ಎರಡೂ ಕೈ ಬಿಡುವು. ಅವರೆಕಾಯಿ ಕಾಲದಲ್ಲಿ ಅಮ್ಮ ಹಾಗೆಯೇ ಕುಳಿತು, ಮಡಿಲಲ್ಲಿ ಬಟ್ಟಲಿಟ್ಟುಕೊಂಡು, ನೆನೆಸಿದ ಕಾಳು ಹಿದುಕುತ್ತಾರೆ. ಅವರ ಮುಖದ ಆ ನೆಮ್ಮದಿ ನೋಡಿಯೇ ನಿಮಗೆ ಬರೆಯುತ್ತಿದ್ದೇನೆ.

ಮೊದಲು ಹತ್ತಿ ಬಟ್ಟೆಯಿಂದ ನೀರು ಹೀರಿಸಿ. ಶಾಖ ಕಡಿಮೆ ಇರಲಿ. ಡ್ರೈಯರ್ ಹಿಂಬದಿಯ ಜಾಲರಿಗೆ ಸೆರಗು, ಹೊದಿಕೆ ತಾಗಬಾರದು; ಗಾಳಿ ಕಟ್ಟಿದರೆ ಯಂತ್ರ ಕಾದುಹೋಗುತ್ತದೆ. ಕರೆಂಟ್ ಹೋದಾಗ ಮನೆಯ ಸಣ್ಣ ಇನ್ವರ್ಟರ್ ಮೇಲೆ ಇದನ್ನು ನಡೆಸಬೇಡಿ, ಅಷ್ಟು ಹೊರೆಯನ್ನು ಅದು ತಾಳುವುದಿಲ್ಲ.