ಹೋದ ವರ್ಷದ ದಾರಿ, ಈ ವರ್ಷದ ಮರಳು

ಪ್ರಶ್ನೆ: ನಮ್ಮದು ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ಹೊರಗಡೆ ಸಿಕ್ಕಿಸುವ ಎಂಜಿನ್) ಇರುವ ಸಣ್ಣ ದೋಣಿ. ಹೋದ ವರ್ಷ ಜಿಪಿಎಸ್‌ನಲ್ಲಿ ಉಳಿಸಿಕೊಂಡಿದ್ದ ದಾರಿಯಲ್ಲೇ ಈ ಸಲವೂ ಅಳಿವೆಯೊಳಗೆ, ಅಂದರೆ ನದಿ ಸಮುದ್ರ ಸೇರುವ ಬಾಯಿಯೊಳಗೆ, ಹೊರಟೆವು. ನಕಾಶೆಯಲ್ಲಿ ಅಲ್ಲಿ 2 ಮೀಟರ್ ನೀರು ಇದೆ. ಆದರೂ ದೋಣಿ ಮರಳಿಗೆ ಹತ್ತಿತು. ಎಂಜಿನ್ ಜೋರು ಮಾಡಿ ನೋಡಿದೆವು, ಬಿಸಿಯಾಗಿ ನಿಂತೇ ಹೋಯಿತು. ನಾವು ಎಡವಿದ್ದು ಎಲ್ಲಿ?

ಉತ್ತರ: ಜಿಪಿಎಸ್ ಸುಳ್ಳು ಹೇಳಲಿಲ್ಲ. ಹೋದ ವರ್ಷದ ಜಾಗಕ್ಕೇ ಕರೆದುಕೊಂಡು ಹೋಯಿತು. ಅಲ್ಲಿದ್ದ ಆಳ ಮಾತ್ರ ಬೇರೆ ಕಡೆ ಹೋಗಿತ್ತು.

ಅಲೆಗಳು ದಡದುದ್ದಕ್ಕೂ ಮರಳು ತಳ್ಳಿಕೊಂಡು ಬರುತ್ತವೆ. ಇಳಿತದ ನೀರು ಅದನ್ನು ಸಮುದ್ರದತ್ತ ನೂಕುತ್ತದೆ. ನೀರಿನ ಓಟ ಸೋತಲ್ಲಿ ಮರಳು ಕೂರುತ್ತದೆ, ದಿಬ್ಬವಾಗುತ್ತದೆ. ಒಂದು ಬಿರುಗಾಳಿ ಸಾಕು, ಆಳದ ದಾರಿ ಪಕ್ಕಕ್ಕೆ ಸರಿಯಲು. ನಕಾಶೆಯ 2 ಮೀಟರ್ ಅಳತೆ ಮಾಡಿದ ದಿನದ್ದು, ಇವತ್ತಿನದಲ್ಲ.

ನೀವು ಎಷ್ಟು ಹೊತ್ತಿಗೆ ಹೋದಿರಿ ಅಂತ ಬರೆದಿಲ್ಲ. ನಾನಾಗಿದ್ದರೆ ಮೊದಲು ಕೇಳುತ್ತಿದ್ದುದು ಅದನ್ನೇ. ಗೊತ್ತಿಲ್ಲದ ಅಳಿವೆಗೆ ನೀರು ಏರುವಾಗಲೇ ಹೋಗಬೇಕು, ಅದೂ ಅರ್ಧ ಏರಿದ ಮೇಲೆ. ಆಗ ತಳ ತಾಗಿದರೂ ಸ್ವಲ್ಪ ಹೊತ್ತಿಗೆ ನೀರೇ ಎತ್ತಿಬಿಡುತ್ತದೆ. ಇಳಿಯುವಾಗ ಸಿಕ್ಕಿಕೊಂಡರೆ ಕಥೆಯೇ ಬೇರೆ. ಉಬ್ಬರಕ್ಕೂ ಇಳಿತಕ್ಕೂ 2.4 ಮೀಟರ್ ವ್ಯತ್ಯಾಸ ಇದೆ ಅಂದುಕೊಳ್ಳಿ. ಇಳಿಯುವ ಆರು ಗಂಟೆಯಲ್ಲಿ ನೀರು ಹೆಚ್ಚುಕಡಿಮೆ 20, 40, 60, 60, 40, 20 ಸೆಂಟಿಮೀಟರ್ ಲೆಕ್ಕದಲ್ಲಿ ಕೆಳಗೆ ಹೋಗುತ್ತದೆ. ನಡುವಿನ ಎರಡು ಗಂಟೆಯಲ್ಲಿ ನಿಮಿಷಕ್ಕೆ ಒಂದು ಸೆಂಟಿಮೀಟರ್! ಆಗ ಹತ್ತಿಕೊಂಡರೆ ನೀರು ಪೂರ್ತಿ ಇಳಿದು ಮತ್ತೆ ಅಷ್ಟೇ ಏರುವವರೆಗೆ ಸುಮಾರು ಆರು ಗಂಟೆ ಸುಮ್ನೆ ಕೂರಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಇನ್ನೂ ಜಾಸ್ತಿ.

ಇಳಿತದ ಇನ್ನೊಂದು ಕಾಟ ಅಲೆಗಳದ್ದು. ಒಳಗಿಂದ ಓಡಿಬರುವ ನೀರು ಎದುರಿನ ಅಲೆಯನ್ನು ತಡೆದಾಗ ಅಲೆ ಕಡಿದಾಗಿ ನಿಂತು ಒಡೆಯುತ್ತದೆ. ಆಳ ಕಡಿಮೆಯಾದಲ್ಲಂತೂ ಒಡೆಯಲೇಬೇಕು. ಒಂದು ಮೀಟರ್ ಎತ್ತರದ ಅಲೆಗೆ ಸುಮಾರು 1.3 ಮೀಟರ್ ಆಳ ಸಿಕ್ಕರೆ ಮುಗಿಯಿತು. ಆದ್ದರಿಂದ ಹೊರಗೇ ನಿಂತು ಹತ್ತು ನಿಮಿಷ ನೋಡಿ. ಬಿಳಿ ನೊರೆ ಪದೇ ಪದೇ ಏಳುವ ಜಾಗದಲ್ಲಿ ದಿಬ್ಬವಿದೆ. ನಡುವೆ ಅಲೆ ಒಡೆಯದ ಪಟ್ಟಿ ಕಂಡರೆ ಅದೇ ದಾರಿ ಇರಬಹುದು. ಆದರೆ ಸಮುದ್ರದ ಕಡೆಯಿಂದ ಅಲೆಯ ಬೆನ್ನು ಮಾತ್ರ ಕಾಣುತ್ತದೆ, ಎಷ್ಟು ಜೋರಾಗಿ ಒಡೆಯುತ್ತಿದೆ ಅಂತ ತಿಳಿಯುವುದಿಲ್ಲ. ಅನುಮಾನ ಬಂದರೆ ಒಳಗೆ ಹೋಗಬೇಡಿ, ಕಾಯಿರಿ. ಹೋಗುವುದಾದರೆ ಎಲ್ಲರೂ ಮೊದಲೇ ಲೈಫ್ ಜಾಕೆಟ್ ಹಾಕಿಕೊಂಡಿರಲಿ.

ಒಳಗೆ ಬಂದ ಮೇಲೆ ನಿಧಾನ. ತಿರುವಿನಲ್ಲಿ ಸಾಮಾನ್ಯವಾಗಿ ಹೊರ ಅಂಚಿನಲ್ಲಿ ಆಳ, ಒಳ ಅಂಚಿನಲ್ಲಿ ಮರಳು. ಮೂಲೆ ಕತ್ತರಿಸಿ ಹೋಗುವ ಆಸೆ ಎಲ್ಲರಿಗೂ ಬರುತ್ತದೆ, ಅಲ್ವಾ? ಸಿಕ್ಕಿಬೀಳುವುದೂ ಅಲ್ಲೇ. ಬಿಸಿಲು ಬೆನ್ನ ಹಿಂದಿದ್ದರೆ ತಿಳಿ ನೀರಿನ ಬಣ್ಣ ಚೆನ್ನಾಗಿ ಕಾಣುತ್ತದೆ. ಕಂದು ಬಣ್ಣ ಕಂಡರೆ ದೂರ ಇರಿ. ನೀರಿನ ನಡುವೆ ಹಕ್ಕಿ ನಿಂತಿದ್ದರೆ ಅದರ ಕಾಲುದ್ದವೇ ಅಲ್ಲಿನ ಆಳ.

ಇನ್ನು ಎಂಜಿನ್ ವಿಷಯ. ಅದು ತಣ್ಣಗಿರಲು ಹೊರಗಿನ ನೀರನ್ನೇ ಎಳೆದುಕೊಳ್ಳುತ್ತದೆ. ಮರಳಿನಲ್ಲಿ ಜೋರು ಮಾಡಿದ್ದರಿಂದ ನೀರಿನ ಜೊತೆ ಮರಳನ್ನೂ ಎಳೆದುಕೊಂಡಿರಬೇಕು. ಮುಂದಿನ ಸಲ ತಾಗಿದ ಕೂಡಲೇ ಆಫ್ ಮಾಡಿ ಮೇಲಕ್ಕೆ ಮಡಚಿ. ಎಲ್ಲರೂ ತಾಗದ ಕಡೆಗೆ ಸರಿದು ಕೂತು, ಬಂದ ದಾರಿಯಲ್ಲೇ ಕೋಲಿನಿಂದ ಹಿಂದಕ್ಕೆ ತಳ್ಳಿ. ಕದಲದಿದ್ದರೆ ಆಳದ ಕಡೆಗೆ ಲಂಗರು ಎಸೆದು ಹಗ್ಗ ಬಿಗಿ ಮಾಡಿ ಕಟ್ಟಿ. ಇಲ್ಲದಿದ್ದರೆ ಏರುವ ನೀರು ದೋಣಿಯನ್ನು ದಿಬ್ಬದ ಇನ್ನೂ ಮೇಲಕ್ಕೆ ತಳ್ಳುತ್ತದೆ. ಈ ಎಂಜಿನ್ನಿನ ಪಂಪನ್ನು ಮೆಕ್ಯಾನಿಕ್‌ಗೆ ತೋರಿಸದೆ ಮತ್ತೆ ನೀರಿಗೆ ಇಳಿಸಬೇಡಿ.