ಅವನಿಂದ ಇನ್ನೊಂದು ಆಣೆ ಮಾಡಿಸಬೇಡಿ

ನಮಸ್ಕಾರ.

‘ಒಬ್ಬ ಅಕ್ಕ’ ಅಂತಷ್ಟೇ ಸಹಿ ಮಾಡಿ ನೀವು ಬರೆದ ಪತ್ರ ಕೈಸೇರಿದೆ. ಬೇರೆ ಓದುಗರಿಗಾಗಿ ಅದರಲ್ಲಿ ಏನಿದೆ ಅಂತ ಚಿಕ್ಕದಾಗಿ ಹೇಳುತ್ತೇನೆ. ನಿಮ್ಮ ತಮ್ಮ ವರ್ಷಗಟ್ಟಲೆ ಕುಡಿದು, ಆಮೇಲೆ ಚಿಕಿತ್ಸೆ ಪಡೆದು, ಐದು ತಿಂಗಳು ಒಂದು ಹನಿಯನ್ನೂ ಮುಟ್ಟದೆ ಇದ್ದ. ಅಮ್ಮನ ಮೇಲೆ ಆಣೆಯನ್ನೂ ಮಾಡಿದ್ದ. ಹೋದ ತಿಂಗಳು ಮಡಚಿಟ್ಟ ಬಟ್ಟೆಗಳ ನಡುವೆ ಬಾಟಲಿ ಸಿಕ್ಕಿತು. ಈಗ ದಿನವೂ ಕುಡಿಯುತ್ತಿದ್ದಾನೆ. ‘ಇವನ ಮಾತಿಗೆ ಬೆಲೆಯೇ ಇಲ್ಲವಾ? ರೂಮಿನಲ್ಲಿ ಕೂಡಿಹಾಕಿ ಬಿಡಿಸಲಾ? ಗೊತ್ತಾಗದ ಹಾಗೆ ಊಟದಲ್ಲಿ ಮಾತ್ರೆ ಬೆರೆಸಲಾ?’ ಅಂತ ಕೇಳಿದ್ದೀರಿ. ಪತ್ರಿಕೆ ಒಂದು ಜಾಗೃತಿ ವಿಶೇಷಾಂಕ ತರಬೇಕು, ಅದನ್ನು ನೋಡಿದ ಹುಡುಗರು ಹೆದರಿ ನಡುಗಬೇಕು ಅಂತಲೂ ಬರೆದಿದ್ದೀರಿ.

ಕೂಡಿಹಾಕುವ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ, ಅದು ತುರ್ತು. ದಯವಿಟ್ಟು ಹಾಗೆ ಮಾಡಬೇಡಿ. ದಿನವೂ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಮದ್ಯ ನರಗಳನ್ನು ಮಂಕು ಮಾಡುತ್ತದೆ. ಅದಕ್ಕೆ ಎದುರಾಗಿ ಮೆದುಳು ತನ್ನ ಚುರುಕನ್ನು ಏರಿಸಿಕೊಂಡಿರುತ್ತದೆ. ಕುಡಿತ ದಿಢೀರನೆ ನಿಂತರೆ ಆ ಚುರುಕಿಗೆ ಹಿಡಿತವೇ ಇರುವುದಿಲ್ಲ. ಬೆಳಗ್ಗೆ ಅವನ ಕೈ ನಡುಗುತ್ತದೆ, ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾನೆ, ಕುಡಿದ ಮೇಲೆ ನಡುಕ ನಿಲ್ಲುತ್ತದೆ ಅಂತ ಬರೆದಿದ್ದೀರಲ್ಲ, ಅದು ಇದರದೇ ಸೂಚನೆ. ನಿಲ್ಲಿಸಿದ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಜ್ವರ, ಗೊಂದಲ, ಇಲ್ಲದ್ದು ಕಾಣುವುದು, ಕೇಳುವುದು ಶುರುವಾಗಬಹುದು. ಡಾಕ್ಟರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಸಿಗದೆ ಇದರಿಂದ ಸತ್ತವರಿದ್ದಾರೆ. ಆಸ್ಪತ್ರೆಯಲ್ಲಾದರೆ ಕೆಲವು ದಿನ ಮಾತ್ರೆ ಮತ್ತು ಬಿ1 ವಿಟಮಿನ್ ಕೊಟ್ಟು, ಕಣ್ಣಿಟ್ಟು ನೋಡಿಕೊಂಡು, ಇದನ್ನು ದಾಟಿಸುತ್ತಾರೆ.

ಊಟದಲ್ಲಿ ಮಾತ್ರೆ ಬೆರೆಸುವುದೂ ಬೇಡ. ನೀವು ಕೇಳಿರುವುದು ಡೈಸಲ್ಫಿರಾಂ ಬಗ್ಗೆ ಇರಬೇಕು. ಅದರ ಪರಿಣಾಮ ಮೈಯಲ್ಲಿ ಇರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಳ್ಳುತ್ತದೆ. ಬಿಪಿ ಕುಸಿದು ಪ್ರಾಣವೂ ಹೋಗಬಹುದು. ಗೊತ್ತಿದ್ದು ನುಂಗುವವನು ಕುಡಿಯದೆ ಹುಷಾರಾಗಿರುತ್ತಾನೆ. ಗೊತ್ತಿಲ್ಲದವನು ಹೇಗೆ ಹುಷಾರಾಗಿರಬೇಕು? ಕುಡಿಯುವ ತವಕವನ್ನೇ ತಗ್ಗಿಸುವ ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಿಗಳೂ ಇವೆ. ಎಷ್ಟೋ ಮನೆಗಳಿಗೆ ಇವು ಇರುವುದೇ ಗೊತ್ತಿಲ್ಲ. ಯಾವುದು ಅವನಿಗೆ ಹೊಂದುತ್ತದೆ ಅಂತ ಡಾಕ್ಟರನ್ನು ಅವನೇ ಕೇಳಲಿ.

ಇನ್ನು ನಿಮ್ಮನ್ನು ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವ ಪ್ರಶ್ನೆ. ‘ನನಗೆ ಅದು ಇಷ್ಟವೇ ಇಲ್ಲ ಕಣಕ್ಕ ಅಂತಾನೆ, ಮತ್ತೆ ಕುಡಿತಾನೆ. ಇದು ನಾಟಕ ಅಲ್ವಾ?’ ಅಲ್ಲ. ಅವನು ನಿಜ ಹೇಳುತ್ತಿದ್ದಾನೆ. ಇಷ್ಟ ಮತ್ತು ತವಕ, ಇವೆರಡೂ ಮೆದುಳಿನಲ್ಲಿ ಬೇರೆ ಬೇರೆ ಕೆಲಸಗಳು ಅಂತ ಟೆರ್ರಿ ರಾಬಿನ್ಸನ್ ಮತ್ತು ಕೆಂಟ್ ಬೆರ್ರಿಜ್ ಎಂಬ ವಿಜ್ಞಾನಿಗಳು 1993ರಲ್ಲಿ ಬರೆದರು. ಚಟ ಬೆಳೆದಂತೆ ಇಷ್ಟ ಕರಗಬಹುದು, ತವಕ ಮಾತ್ರ ಏರುತ್ತಲೇ ಹೋಗುತ್ತದೆ. ಆ ತವಕವನ್ನು ಕೆರಳಿಸಲು ಬಾಟಲಿಯೇ ಬೇಕಿಲ್ಲ. ಕೆಲಸ ಮುಗಿಯುವ ಹೊತ್ತು, ಒಬ್ಬ ಗೆಳೆಯನ ಫೋನು, ಸಂಬಳ ಬಂದ ದಿನ, ಮನೆಯಲ್ಲಿ ಒಂದು ಜಗಳ ಸಾಕು. ತಿಂಗಳುಗಟ್ಟಲೆ ಸುಮ್ನೆ ಇದ್ದದ್ದು ಒಂದು ಸಂಜೆ ಎದ್ದು ಕೂರುತ್ತದೆ.

ಹಾಗಾಗಿ ಆಣೆ ಮಾಡಿದಾಗ ಅವನು ಸುಳ್ಳು ಹೇಳಿರಲಿಲ್ಲ ಅಂತಲೇ ನನ್ನ ನಂಬಿಕೆ. ಅದನ್ನು ಮಾಡಿದ್ದು ಬೆಳಗ್ಗೆ, ಅಮ್ಮನ ಎದುರು, ಅಳುತ್ತಾ. ಅದನ್ನು ಉಳಿಸಿಕೊಳ್ಳಬೇಕಾಗಿದ್ದು ಸಂಜೆ ಏಳಕ್ಕೆ, ಅದೇ ದಾರಿಯಲ್ಲಿ, ಅದೇ ಗೆಳೆಯರ ನಡುವೆ. ಆಣೆ ಮುರಿದ ಮೇಲೆ ಅವನಿಗೆ ಕುಡಿತದ ಜೊತೆ ನಾಚಿಕೆಯೂ ಸೇರಿತು. ಆ ನಾಚಿಕೆಯೇ ಬಾಟಲಿಯನ್ನು ಬಟ್ಟೆ ನಡುವೆ ಬಚ್ಚಿಡಿಸಿತು. ಆಣೆ ಇಲ್ಲದಿದ್ದರೆ ಮೊದಲ ಸಲ ಕುಡಿದ ರಾತ್ರಿಯೇ ‘ಅಕ್ಕಾ, ಜಾರಿಬಿಟ್ಟೆ’ ಅಂತ ಬಂದು ಹೇಳುತ್ತಿದ್ದನೋ ಏನೋ.

ಜಾಗ ಬದಲಾದರೆ ಎಷ್ಟು ವ್ಯತ್ಯಾಸ ಆಗುತ್ತದೆ ನೋಡಿ. ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ದ ಅಮೆರಿಕದ ಸೈನಿಕರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಅಲ್ಲಿ ಹೆರಾಯಿನ್‌ನಂಥ ಮಾದಕ ವಸ್ತುಗಳ ಚಟ ಹತ್ತಿತ್ತು. 1971ರಲ್ಲಿ ಮನೆಗೆ ಮರಳಿದವರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಹುಡುಕಿ ಮಾತಾಡಿಸಿದರು. ಹಾಗೆ ಚಟ ಹತ್ತಿದ್ದವರಲ್ಲಿ ಮೊದಲ ವರ್ಷ ಮತ್ತೆ ಅದಕ್ಕೆ ಬಿದ್ದವರು ಶೇ. 5ರಷ್ಟು ಮಾತ್ರ. ಯುದ್ಧದ ಭಯ, ಆ ಜಾಗ, ಆ ಜೊತೆ, ಎಲ್ಲವೂ ಹಿಂದೆ ಉಳಿದಿತ್ತು. ನಿಮ್ಮ ತಮ್ಮನಿಗೆ ಹಾಗಾಗಲಿಲ್ಲ. ಚಿಕಿತ್ಸೆ ಮುಗಿಸಿ ಅದೇ ಕೋಣೆಗೆ, ಅದೇ ಸಂಜೆಗಳಿಗೆ ಬಂದ. ಅಲ್ಲಿ ಐದು ತಿಂಗಳು ಹಿಡಿದು ನಿಂತದ್ದು ಚಿಕ್ಕ ಮಾತೇನಲ್ಲ, ಅದು ಹಾಳಾಗಿಯೂ ಇಲ್ಲ. ಚಿಕಿತ್ಸೆ ಪಡೆದವರಲ್ಲಿ ಶೇ. 40ರಿಂದ 60ರಷ್ಟು ಮಂದಿ ಒಂದು ವರ್ಷದೊಳಗೆ ಮತ್ತೆ ಜಾರುತ್ತಾರೆ ಅಂತ 2000ರಲ್ಲಿ ಬಂದ ಒಂದು ಹೆಸರಾಂತ ವೈದ್ಯಕೀಯ ವಿಮರ್ಶೆ ಹೇಳಿತು. ಬಿಪಿ, ಅಸ್ತಮಾ ಇರುವವರಿಗೆ ಕಾಯಿಲೆ ಮತ್ತೆ ಕೆರಳುವುದೂ ಹೆಚ್ಚುಕಡಿಮೆ ಇಷ್ಟೇ ಸಲ. ಅವರಿಗೆ ನಾವು ‘ನಿನ್ನ ಮಾತಿಗೆ ಬೆಲೆ ಇಲ್ಲ’ ಅನ್ನುವುದಿಲ್ಲ, ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇವೆ.

(ಹೆರಾಯಿನ್‌ನಂಥ ಚಟ ಇರುವ ಮನೆಯವರು ಒಂದು ಮಾತು ನೆನಪಿಡಿ. ಕೆಲವು ವಾರ ಬಿಟ್ಟಿದ್ದವರ ಮೈ ಹಳೆಯ ಪ್ರಮಾಣವನ್ನು ತಡೆಯುವುದಿಲ್ಲ. ಜಾರಿದ ಆ ಒಂದು ಸಲವೇ ಉಸಿರು ನಿಲ್ಲಬಹುದು. ಅದನ್ನು ತಡೆಯುವ ನಾಲೊಕ್ಸೋನ್ ಎಂಬ ಔಷಧಿ ಇದೆ. ಡಾಕ್ಟರನ್ನು ಕೇಳಿ ತಿಳಿದುಕೊಳ್ಳಿ.)

ಮನೆಯವರೆಲ್ಲ ಸೇರಿ ಅವನನ್ನು ನಡುವೆ ಕೂರಿಸಿ ದಬಾಯಿಸುವ ಯೋಚನೆ ಇದೆ ಅಂದಿರಿ. 1999ರ ಒಂದು ಅಧ್ಯಯನದಲ್ಲಿ, ಎಲ್ಲರೂ ಒಟ್ಟಾಗಿ ಎದುರು ನಿಂತು ಒತ್ತಾಯಿಸುವ ದಾರಿಯ ತರಬೇತಿ ಪಡೆದ ಮನೆಗಳಲ್ಲಿ ಶೇ. 30ರಷ್ಟು ಮಾತ್ರ ತಮ್ಮವರನ್ನು ಚಿಕಿತ್ಸೆಗೆ ಕರೆತಂದವು. ರಾಬರ್ಟ್ ಮೇಯರ್ಸ್ ಎಂಬ ಮನೋವಿಜ್ಞಾನಿ ರೂಪಿಸಿದ ಇನ್ನೊಂದು ದಾರಿಯಲ್ಲಿ ಅದು ಶೇ. 64. ಆ ದಾರಿಯಲ್ಲಿ ಕೂಗಾಟವಿಲ್ಲ. ಅವನು ಕುಡಿಯದೆ ಬಂದ ಸಂಜೆ ಜೊತೆಗೆ ಕೂತು ಮಾತಾಡುತ್ತೀರಿ, ಅವನು ಬಂದದ್ದು ಖುಷಿಯಾಯಿತು ಅಂತ ಬಾಯಿಬಿಟ್ಟು ಹೇಳುತ್ತೀರಿ. ಕುಡಿದು ಬಂದರೆ ಜಗಳವಾಡದೆ ಬೇರೆ ಕೋಣೆಗೆ ಎದ್ದು ಹೋಗುತ್ತೀರಿ. ಆಫೀಸಿಗೆ ‘ಜ್ವರ’ ಅಂತ ಅವನ ಪರವಾಗಿ ಫೋನ್ ಮಾಡುವುದಿಲ್ಲ, ಅವನ ಸಾಲ ತೀರಿಸುವುದಿಲ್ಲ. ಕುಡಿತದಿಂದ ಆಗುವ ನಷ್ಟ ಅವನಿಗೇ ಮುಟ್ಟಲಿ. ಅವನೇ ಸೋತು ‘ಇನ್ನಾಗಲ್ಲ’ ಅಂದ ಕ್ಷಣಕ್ಕೆ ಡಾಕ್ಟರ ನಂಬರ್ ನಿಮ್ಮ ಕೈಯಲ್ಲಿರಲಿ. ಆಗ ‘ಇನ್ನು ಜನ್ಮದಲ್ಲಿ ಮುಟ್ಟಲ್ಲ ಅನ್ನು’ ಅಂತ ಕೇಳಬೇಡಿ. ‘ನಾಳೆ ಹತ್ತಕ್ಕೆ ಹೋಗೋಣ್ವಾ?’ ಅಂತ ಕೇಳಿ. ಅವನು ಹೊಡೆಯಲು ಕೈ ಎತ್ತಿದರೆ ಮಾತ್ರ ಈ ಯಾವುದೂ ಬೇಡ. ನೀವು, ಅಮ್ಮ ಮೊದಲು ಅಲ್ಲಿಂದ ಹೊರಡಿ, ನಿಮ್ಮ ಜೀವ ಮುಖ್ಯ.

ಕೊನೆಗೆ ವಿಶೇಷಾಂಕದ ವಿಷಯ. ತರುತ್ತೇವೆ. ಆದರೆ ತಲೆಬುರುಡೆ, ಸಿರಿಂಜು, ಸತ್ತವರ ಚಿತ್ರ ಹಾಕುವುದಿಲ್ಲ. ಅಮೆರಿಕದಲ್ಲಿ 1983ರಲ್ಲಿ ಪೊಲೀಸರೇ ಶಾಲೆಗಳಿಗೆ ಹೋಗಿ ಮಾದಕ ವಸ್ತು ಬೇಡ ಅನ್ನಿ ಅಂತ ಪಾಠ ಹೇಳುವ ಡೇರ್ ಕಾರ್ಯಕ್ರಮ ಶುರುವಾಯಿತು. ವರ್ಷಗಟ್ಟಲೆ ನಡೆಯಿತು. ಅಳೆದು ನೋಡಿದ ಅಧ್ಯಯನಗಳಿಗೆ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಭಯದ ಚಿತ್ರ ನೋಡಿದ ಹುಡುಗ ‘ನಾನು ಹಾಗಾಗಲ್ಲ ಬಿಡು’ ಅಂದುಕೊಳ್ಳುತ್ತಾನೆ. ಆಗಲೇ ಸಿಕ್ಕಿಹಾಕಿಕೊಂಡವನು ಇನ್ನಷ್ಟು ಮುದುಡುತ್ತಾನೆ. ನಮ್ಮ ಸಂಚಿಕೆ ಆ ಎರಡನೆಯವನಿಗಾಗಿ, ಅವನ ಮನೆಯವರಿಗಾಗಿ. ಡಾಕ್ಟರ ಹತ್ತಿರ ಮೊದಲ ದಿನ ಏನು ಕೇಳುತ್ತಾರೆ, ಮಾತ್ರೆ ಎಷ್ಟು ದಿನ, ಮತ್ತೆ ಜಾರಿದರೆ ಆ ರಾತ್ರಿ ಏನು ಮಾಡಬೇಕು, ಇವನ್ನೆಲ್ಲ ಚಿಕಿತ್ಸೆ ಕೊಡುವವರಿಂದಲೂ ಬಿಟ್ಟು ಬದುಕುತ್ತಿರುವವರಿಂದಲೂ ಬರೆಸುತ್ತೇವೆ. ನಿಮ್ಮ ತಮ್ಮ ಒಪ್ಪಿದರೆ, ಆ ಐದು ತಿಂಗಳ ಸಂಜೆಗಳನ್ನು ಹೇಗೆ ಕಳೆದ ಅಂತ ಅವನಿಂದಲೂ ಎರಡು ಪುಟ ಬರೆಸಿ ಕಳಿಸಿ. ಹೆಸರು ಬೇಕಿಲ್ಲ.

— ಸಂಪಾದಕರು